ಬೆನ್ನ ಮೇಲಿನ ಬಟ್ಟಲು

ಮೂಡಣ ಕಡಲಿನಲ್ಲಿ, ಹಡಗಿನವರ ನಕ್ಷೆಯ ಅಂಚಿಗೂ ಆಚೆ, ಒಂದು ದ್ವೀಪ. ಆ ದ್ವೀಪದ ಮೇಲೆ ಒಂದು ಊರು. ಊರು ಅಂದಮೇಲೆ ತಪ್ಪುಗಳು ಇದ್ದದ್ದೇ. ಮೀನು ಮಾರುವವನು ನಿನ್ನೆಯ ಮೀನನ್ನು ಇವತ್ತಿನದು ಅನ್ನುತ್ತಾನೆ. ಗೋಡೆ ಕಟ್ಟುವವನು ಸುಣ್ಣಕ್ಕೆ ಮರಳು ಜಾಸ್ತಿ ಬೆರೆಸುತ್ತಾನೆ. ಗಾಳಿ ಬಂದು ಯಾರದೋ ಮನೆಯ ಮಾಡನ್ನು ಹಾರಿಸಿಕೊಂಡು ಹೋಗುತ್ತದೆ. ಬೇರೆ ಊರುಗಳಲ್ಲಾದರೆ ಇದಕ್ಕೆಲ್ಲ ಜಗಳ, ಪಂಚಾಯಿತಿ, ಕೋರ್ಟು, ಕಚೇರಿ. ಈ ಊರಿನಲ್ಲಿ ಆ ರಗಳೆಯೇ ಇರಲಿಲ್ಲ. ಇಲ್ಲಿ ತಪ್ಪು ಯಾರದೇ ಆಗಿರಲಿ, ಬಾಗುವವನು ಮಾತ್ರ ಒಬ್ಬನೇ. ಅವನನ್ನು ಮುಂದಾಳು ಎನ್ನುತ್ತಿದ್ದರು.

ಕ್ರಮ ಹೀಗೆ. ಅನ್ಯಾಯವಾದವರ ಮನೆ ಬಾಗಿಲಿಗೆ ಮುಂದಾಳು ಹೋಗುತ್ತಾನೆ. ಸೊಂಟಕ್ಕೆ ನೀಲಿ ಪಟ್ಟಿ, ಬೆನ್ನ ಹಿಂದೆ ಇಡೀ ಊರು. ಹೊಸ್ತಿಲ ಮುಂದೆ ನಿಂತು, ಬೆನ್ನು ಹಲಗೆಯಂತೆ ನೆಲಕ್ಕೆ ಸಮವಾಗುವವರೆಗೆ ಬಾಗಿ, "ಬಾಗಿದೆ" ಎನ್ನುತ್ತಾನೆ. ಬೆನ್ನಿನ ಮೇಲೆ ಮಣ್ಣಿನ ಬಟ್ಟಲೊಂದನ್ನಿಟ್ಟು ಅಂಚಿನವರೆಗೆ ನೀರು ತುಂಬುತ್ತಾರೆ. ಅನ್ಯಾಯವಾದವರು ಬಟ್ಟಲೆತ್ತಿ, ನೀರು ಕುಡಿದು, "ಕುಡಿದೆ" ಎನ್ನುತ್ತಾರೆ. ಊರು ಒಂದೇ ದನಿಯಲ್ಲಿ "ಮುಗಿಯಿತು" ಎನ್ನುತ್ತದೆ. ಮುಂದಾಳು ಎದ್ದು ನಿಲ್ಲುತ್ತಾನೆ.

ಬಾಗಿದೆ. ಕುಡಿದೆ. ಮುಗಿಯಿತು.

ಮತ್ತೆ, ಮುಗಿಯಿತು ಅಂದಮೇಲೆ ನಿಜಕ್ಕೂ ಮುಗಿಯಬೇಕು, ನೋಡಿ. ಆ ತಪ್ಪಿನ ಮಾತನ್ನು ಆಮೇಲೆ ಯಾರೂ ಎತ್ತುವ ಹಾಗಿಲ್ಲ. ಮಾಡು ಹಾರಿಹೋಗಿದ್ದರೆ, ಮಾಡು ಇತ್ತು ಎಂದೇ ಹೇಳುವ ಹಾಗಿಲ್ಲ. ಸತ್ತವರಿದ್ದರೆ ಸತ್ತವರ ಹೆಸರನ್ನು ಉಚ್ಚರಿಸುವ ಹಾಗಿಲ್ಲ, ಹೆತ್ತವರು ಕೂಡ. ಇದರಿಂದ ಊರು ಬಹಳ ನೆಮ್ಮದಿಯಾಗಿತ್ತು. ಬೆಳಿಗ್ಗೆ ಎದ್ದರೆ ಕಡಲು, ಮಂಜು, ಒಣಮೀನಿನ ವಾಸನೆ. ಹಳೆಯ ದುಃಖ ಅನ್ನುವ ವಸ್ತು ಅಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

ಸಿಗುತ್ತಿರಲಿಲ್ಲ ಅಂದರೆ, ಒಂದೇ ಒಂದು ಇತ್ತು. ಒಂದು ಹೆಂಚು.

ಬಹಳ ಹಿಂದೆ ಒಬ್ಬ ಮುಂದಾಳು, ಒಬ್ಬಳು ಹೆಂಗಸಿನ ಮಾಡಿನ ಹೆಂಚು ಒಡೆದದ್ದಕ್ಕಾಗಿ ಬಾಗಿ ನಿಂತಿದ್ದ. ಅವಳು ಕೈ ಚಾಚುವಷ್ಟರಲ್ಲಿ ಅವನಿಗೆ ಕೆಮ್ಮು ಬಂತು. ಬಟ್ಟಲು ಉರುಳಿತು, ನೀರು ಚೆಲ್ಲಿತು. ಚೆಲ್ಲಿದ ನೀರನ್ನು ಯಾರು ಕುಡಿಯುತ್ತಾರೆ? ಕುಡಿಯದೆ ಮುಗಿಯುವುದು ಹೇಗೆ? ಹಾಗಾಗಿ ಆ ಹೆಂಚು ಮುಗಿಯಲೇ ಇಲ್ಲ. ಆ ಹೆಂಗಸು ದಿನಾ ಬಾವಿಕಟ್ಟೆಗೆ ಬಂದು, "ಎಂಥಾ ಹೆಂಚು ಅಂತೀರಾ! ಪಾರಿವಾಳದ ಎದೆ ಬಣ್ಣ!" ಎಂದು ಗೋಳಾಡುವಳು. ಊರಿನಲ್ಲಿ ಹಾಗೆ ಗೋಳಾಡುವ ಹಕ್ಕಿದ್ದವಳು ಅವಳೊಬ್ಬಳೇ. ಉಳಿದ ಹೆಂಗಸರು ಕೊಡ ತುಂಬಿಸುತ್ತ ನಗುವರು. ಕೆಲವರು ಮಾತ್ರ, ಏಕೋ ಏನೋ, ಸ್ವಲ್ಪ ಹೊಟ್ಟೆಕಿಚ್ಚಿನಿಂದ ಕೇಳಿಸಿಕೊಳ್ಳುವರು.

ಆ ಮುಂದಾಳಿನ ಗತಿ? ಪರದೆಯ ಹಿಂದೆ ಕೂರುವ ಹಿರಿಯರು ಅವನ ನೀಲಿ ಪಟ್ಟಿ ಬಿಚ್ಚಿಕೊಂಡರು. ಬಟ್ಟಲನ್ನು ಯಾರೂ ಎತ್ತಲಿಲ್ಲವಾದ್ದರಿಂದ ಅವನು ಏಳುವಂತಿರಲಿಲ್ಲ. ಬಾಗಿಯೇ ಮನೆಗೆ ಹೋದ, ಬಾಗಿಯೇ ಉಂಡ, ಬಾಗಿಯೇ ಬದುಕಿದ, ಬಾಗಿಯೇ ಸತ್ತ.

ಅವನಿಗೊಬ್ಬ ಮಗನಿದ್ದ. ಈ ಕಥೆ ಆ ಮಗನದು.

ಮಗನಿಗೆ ಅಪ್ಪನೆಂದರೆ ಒಂದು ಬೆನ್ನು. ಅಂಗಳದಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ಹೋಗುವ ಬೆನ್ನು. ಒಮ್ಮೆ, ಇನ್ನೂ ಅಂಬೆಗಾಲಿನ ಬುದ್ಧಿ, ಅಪ್ಪನ ಕೆಳಗೆ ನುಸುಳಿ ಮುಖ ನೋಡಲು ಹೋಗಿದ್ದ. ಅಮ್ಮ ಕಾಲು ಹಿಡಿದು ಹೊರಗೆಳೆದಳು.

"ಬಾಗಿದವರ ಮುಖ ನೋಡಬಾರದು ಕಣೋ!"

"ಯಾಕಮ್ಮಾ?"

"ಯಾಕೆ ಅಂದ್ರೆ? ಯಾರೂ ನೋಡಿಲ್ಲ, ಅದಕ್ಕೆ."

ಅಪ್ಪ ಸತ್ತ ದಿನದಿಂದಲೇ ಅಮ್ಮ ಮಗನನ್ನು ತಿದ್ದಲು ಶುರುಮಾಡಿದಳು. ಬೆಳಿಗ್ಗೆ ಎದ್ದ ಕೂಡಲೇ ಬೆನ್ನ ಮೇಲೆ ಬಟ್ಟಲು. ಗಂಜಿಗೆ ಮುಂಚೆ ಬಟ್ಟಲು, ಗಂಜಿಯಾದ ಮೇಲೆ ಬಟ್ಟಲು. ಅಪ್ಪನ ನೆನಪಾಗಿ ಹುಡುಗ ಬಿಕ್ಕಿದರೆ ನೀರು ತುಳುಕುವುದು. ಆಗ ಅಮ್ಮ ಹೇಳುವಳು, "ಅಳು ಬಂದ್ರೆ ಕಣ್ಣಲ್ಲಿ ಅತ್ತುಕೋ ಮಗಾ. ಬೆನ್ನಲ್ಲಿ ಅಳಬೇಡ."

ಅವನು ಕಲಿತ. ಕಣ್ಣಿನಿಂದ ಧಾರಾಕಾರ ನೀರು ಸುರಿಯುತ್ತಿದ್ದರೂ ಬೆನ್ನಿನ ಮೇಲಿನ ನೀರು ಕನ್ನಡಿಯಂತೆ ನಿಲ್ಲುವುದನ್ನು ಕಲಿತ. ಆಮೇಲಾಮೇಲೆ ಕಣ್ಣಿನದೂ ನಿಂತುಹೋಯಿತು.

ಇಲ್ಲಿ ಆ ಊರಿನ ಒಂದು ಅಭಿರುಚಿಯ ಬಗ್ಗೆ ಹೇಳಲೇಬೇಕು. ಮುಂದಾಳು ಒಳ್ಳೆಯವನೋ ಕೆಟ್ಟವನೋ ಎಂದು ಅಲ್ಲಿ ತೂಗುತ್ತಿದ್ದುದು ಬಟ್ಟಲಿನ ನೀರನ್ನು ನೋಡಿ. ನೀರು ನಡುಗಿತೋ, ಮನಸ್ಸಿನಲ್ಲಿ ಕಳ್ಳತನವಿದೆ. ನೀರು ನಿಂತಿತೋ, ಸತ್ಯವಂತ. ಸಂಕಟಪಡುವವನ ಬೆನ್ನು ನಡುಗದೆ ಇನ್ನೇನಾದೀತು ಎಂದು ಅಷ್ಟು ತಲೆಮಾರಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ ಅಂದರೆ ನೀವು ನಂಬಬೇಕು. ನೀರಿನಲ್ಲಿ ಒಂದು ಗೆರೆ ಎದ್ದರೆ ಸಾಕು, ಪರದೆಯ ಹಿಂದಿನಿಂದ ಒಂದು ಕೈ ಬಂದು ಪಟ್ಟಿ ಬಿಚ್ಚುವುದು. ಬಿಚ್ಚಿದ ಪಟ್ಟಿಯನ್ನು ಒಗೆದು ಹಾಕುವ ಅಗಸಗಿತ್ತಿ ಗೊಣಗುವಳು, "ಒಣಗೋಕಾದ್ರೂ ಬಿಡಿ ಸ್ವಾಮೀ! ಒದ್ದೇದನ್ನೇ ಇನ್ನೊಬ್ಬರ ಸೊಂಟಕ್ಕೆ ಕಟ್ತೀರಲ್ಲ!"

ಹೀಗೆ ಮುಂದಾಳುಗಳು ಬಂದರು, ಹೋದರು. ಪಟ್ಟಿ ಕಟ್ಟುವಾಗ ಹಿರಿಯರು ಅವನ ಹೆಸರನ್ನು ತೆಗೆದುಕೊಂಡುಬಿಡುತ್ತಿದ್ದರು, ಹೆಸರಿದ್ದವನ ಬೆನ್ನು ಸ್ಥಿರವಾಗಿರುವುದಿಲ್ಲ ಎಂಬ ಕಾರಣಕ್ಕೆ. ಪಟ್ಟಿ ಬಿಚ್ಚುವಾಗ ಹೆಸರು ವಾಪಸು ಕೊಡಬೇಕು. ಅಷ್ಟರಲ್ಲಿ ಯಾರಿಗಾದರೂ ನೆನಪಿದ್ದರೆ.

ಕೊನೆಗೆ ಹೆಂಚಿನ ಮುಂದಾಳಿನ ಮಗನ ಸರದಿ ಬಂತು. ಪರದೆ ಅಲ್ಲಾಡಿತು, ಒಳಗಿನಿಂದ ಮುದಿ ಹಿರಿಯನ ದನಿ ಕೇಳಿತು: "ಇವನ ಬೆನ್ನು ಇವನ ಅಜ್ಜನ ಬೆನ್ನಪ್ಪಾ. ಅಪ್ಪನದ್ದು ಮರೆತುಬಿಡಿ. ಅಜ್ಜ ನಿಂತರೆ ನೀರಿನ ಮೇಲೆ ಸೊಳ್ಳೆ ಮೊಟ್ಟೆ ಇಡ್ತಿತ್ತು."

ಅವನ ಹೆಸರನ್ನು ತೆಗೆದುಕೊಂಡರು, ಪಟ್ಟಿ ಕಟ್ಟಿದರು. ಅಮ್ಮ ಗುಂಪಿನಲ್ಲಿ ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಹೊಸ ಮುಂದಾಳನ್ನು ಎದುರುಗೊಳ್ಳುವ ಪದ್ಧತಿಯೊಂದಿತ್ತು. ಸಂಜೆ ಊರಿನ ದೀಪಗಳನ್ನೆಲ್ಲ ಚೌಕಕ್ಕೆ ತರಬೇಕು. ಅಡುಗೆಮನೆಯ ದೀಪ, ದೋಣಿಯ ದೀಪ, ಮುದುಕಿಯರು ಹಾಸಿಗೆಯ ಪಕ್ಕ ಇಟ್ಟುಕೊಳ್ಳುವ ದೀಪ ಎಲ್ಲವೂ ಬಂದವು. ಚೌಕ ತುಂಬಿ, ಮೆಟ್ಟಿಲು ತುಂಬಿ, ಗೋಡೆಯಂಚು ತುಂಬಿ, ಊರಿಗೆ ಊರೇ ಹೊಂಬಣ್ಣವಾಗಿ ನಿಂತಿತು. ಅವನ ಬದುಕಿನಲ್ಲಿ ಅಷ್ಟು ಬೆಳಕು ಅವನ ಮೇಲೆ ಬಿದ್ದಿರಲಿಲ್ಲ. ಬೆನ್ನನ್ನಲ್ಲದೆ ಮುಖವನ್ನು ಜನ ನೋಡಿದ್ದೂ ಅದೇ ಮೊದಲು.

ಆಗ ಬಂಡೆಯ ತುದಿಯ ದೀಪಗೋಪುರದವನು ಏದುಸಿರು ಬಿಡುತ್ತ ಬಂದು ಕೇಳಿದ, "ಬುದ್ಧೀ, ಗೋಪುರದ ದೀಪಾನೂ ತರಬೇಕಾ? ಮಂಜು ಇಳೀತಾ ಇದೆ. ಚಿಪ್ಪಿನ ಹೆಂಗಸರ ದೋಣಿ ಇನ್ನೂ ಬಂದಿಲ್ಲ."

ಚಿಪ್ಪಿನ ಹೆಂಗಸರೆಂದರೆ ಉಸಿರು ಬಿಗಿಹಿಡಿದು ಕಡಲಿನ ತಳಕ್ಕೆ ಮುಳುಗಿ ಚಿಪ್ಪು ತರುವವರು. ಅಂದು ಅವರು ಹೋಗಿದ್ದುದು ಹೊಸ ಮುಂದಾಳಿನ ಊಟಕ್ಕೆ ಬೇಕಾದ ಚಿಪ್ಪು ತರಲಿಕ್ಕೇ.

ಮುಂದಾಳು ನಗುತ್ತಿದ್ದ. ಕತ್ತೆತ್ತಿ ನಗುವುದು ಅವನಿಗೆ ಹೊಸದು, ಬಿಡಲು ಮನಸ್ಸಿರಲಿಲ್ಲ. ಅವನು ಹೇಳಿದ, "ದೀಪ ಅಂದಮೇಲೆ ಎಲ್ಲ ದೀಪ."

ಗೋಪುರದ ದೀಪ ಬಂತು. ಎಲ್ಲಕ್ಕಿಂತ ದೊಡ್ಡದು. ಚೌಕ ಹಗಲಾಯಿತು. ಕಡಲು ಕತ್ತಲಾಯಿತು.

ದೋಣಿ ಬಂಡೆಗೆ ಬಡಿಯಿತು. ಹೆಂಗಸರಲ್ಲಿ ಒಬ್ಬಳು ಇಬ್ಬರನ್ನು ದಡಕ್ಕೆ ಎಳೆತಂದು ಹಾಕಿ, ಇನ್ನೊಬ್ಬಳಿಗಾಗಿ ಮತ್ತೆ ನೀರಿಗೆ ಹೋದಳು. ಆ ಇನ್ನೊಬ್ಬಳು ಬೇರೆ ದಾರಿಯಲ್ಲಿ ಈಜಿ ಬಂದಳು. ಹೋದವಳು ಬರಲಿಲ್ಲ.

ಅವಳ ಹೆಸರು ಹಿಸಾನೊ.

ಮರುದಿನ ಪರದೆಯ ಹಿಂದೆ ಮಾತುಕತೆ ನಡೆಯಿತು. ಮುದಿ ಹಿರಿಯ ಹೇಳಿದ, "ಯೋಚನೆ ಮಾಡೋದೇನಿದೆ? ಕಡಲು ಮಾಡಿದ ತಪ್ಪು. ಹೋಗಿ ಕಡಲಿನ ಪರವಾಗಿ ಬಾಗು."

"ಆದರೆ ಹಿರಿಯರೇ, ಗೋಪುರದವನು ನನ್ನನ್ನ ಕೇಳಿದ್ದ."

"ಕೇಳಿರಬಹುದು. ಅವನು ದಿನಾ ಏನೇನೋ ಕೇಳ್ತಾನೆ. ನಿನ್ನ ಕೆಲಸ ಬೆನ್ನಿನದು ಮಗಾ, ಬಾಯಿಯದ್ದಲ್ಲ."

ಮುಂದಾಳು ಹಿಸಾನೊಳ ತಾಯಿಯ ಮನೆಗೆ ಹೋದ. ಕಡಲ ದಂಡೆಯಲ್ಲಿ ಒಂಟಿ ಮನೆ. ಗೋಡೆಯ ಮೇಲೆ ಹಗ್ಗದ ಸುರುಳಿ, ತೇಲಲು ಬಿಡುವ ಮರದ ತೊಟ್ಟಿ. ತಾಯಿಯೂ ಒಂದು ಕಾಲದಲ್ಲಿ ಚಿಪ್ಪಿನ ಹೆಂಗಸೇ. ಊರು ಹಿಂದೆ ನಿಂತಿತು. ಅವನು ಬಾಗಿದ. ಬಟ್ಟಲಿಟ್ಟರು, ನೀರು ತುಂಬಿದರು. ನೀರು ಕನ್ನಡಿಯಂತೆ ನಿಂತಿತು.

"ಬಾಗಿದೆ" ಎಂದ.

ತಾಯಿ ಬಟ್ಟಲನ್ನು ನೋಡಲಿಲ್ಲ. "ಯಾರ ತಪ್ಪಿಗಪ್ಪಾ?" ಎಂದಳು.

ಹಾಗೆ ಕೇಳುವ ಪದ್ಧತಿಯೇ ಇರಲಿಲ್ಲ. ಮುಂದಾಳು ನೆಲ ನೋಡುತ್ತಲೇ ಹೇಳಿದ, "ಕಡಲಿನ ತಪ್ಪಿಗೆ, ತಾಯಿ."

"ಕಡಲಿನ ಹತ್ರ ನಾನು ಮಾತಾಡ್ಕೋತೀನಿ. ಹುಟ್ಟಿದಾಗಿನಿಂದ ಪರಿಚಯ ನಮಗೆ. ನೀನು ನಿನ್ನ ಸಮಾಚಾರ ಹೇಳು."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು, ಯಾರೋ ಉಸ್ಸೆಂದರು. ತಾಯಿ ಒಳಗೆ ಹೋಗಿ ಕಡಲಪಾಚಿ ತುಂಬಿದ ಬುಟ್ಟಿ ತಂದು, ಅವನನ್ನು ಬಳಸಿಕೊಂಡು ಹೋಗಿ, ಹಗ್ಗದ ಮೇಲೆ ಒಣಹಾಕತೊಡಗಿದಳು. ಬಟ್ಟಲು ಅಲ್ಲೇ ಉಳಿಯಿತು.

ಸಂಜೆಯಾಯಿತು, ಬೆಳಗಾಯಿತು. ಮುಂದಾಳು ಬಾಗಿಯೇ ಇದ್ದ. ಬಾಗಿದವನಿಗೆ ಊಟ ಹಾಕುವುದು ಆ ಮನೆಯವರದೇ ಬಾಧ್ಯತೆ. ತಾಯಿ ಮಾತಿಲ್ಲದೆ ಅನ್ನದ ಉಂಡೆಯೊಂದನ್ನು ಅವನ ಕೈಗೆ ತುರುಕುವಳು, ಮಾತಿಲ್ಲದೆ ಹೋಗುವಳು. ಹಿರಿಯರ ಕಡೆಯವರು ಬಂದು ಬಟ್ಟಲಿನಲ್ಲಿ ಆರಿದಷ್ಟು ನೀರನ್ನು ತುಂಬಿ ಹೋಗುವರು.

ದಿನ ಕಳೆದ ಹಾಗೆ ಊರಿಗೆ ಅದೊಂದು ಹೆಮ್ಮೆಯ ಸಂಗತಿಯಾಯಿತು. "ನೋಡಿದಿರಾ ನೀರನ್ನ? ಒಂದು ಗೆರೆ ಎದ್ದಿಲ್ಲ!" ಎಂದು ಜನ ತಂಡ ತಂಡವಾಗಿ ಬಂದರು. ಅಕ್ಕಪಕ್ಕದ ದ್ವೀಪದವರು ದೋಣಿ ಮಾಡಿಕೊಂಡು ಬಂದರು. ಬಟ್ಟಲಿನಲ್ಲಿ ಮುಖ ನೋಡಿ ತಲೆ ಬಾಚಿಕೊಂಡ ಭೂಪನೂ ಒಬ್ಬನಿದ್ದ. ಯಾಕೆ ಬಾಗಿದ್ದಾನೆ ಎಂಬುದು ನಿಧಾನವಾಗಿ ಹಿಂದೆ ಸರಿದು, ಎಷ್ಟು ಚೆನ್ನಾಗಿ ಬಾಗಿದ್ದಾನೆ ಎಂಬುದೇ ಮಾತಾಯಿತು. ಅಮ್ಮ ಬಂದು ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದಳು, "ಅಪ್ಪನ ಹೆಸರಿಗೆ ಅಂಟಿದ್ದ ಮಸಿ ತೊಳೆದೆ ಮಗಾ." ಅವನಿಗೂ ಒಳಗೊಳಗೇ ಹಿತವಾಯಿತು. ಸುಳ್ಳು ಯಾಕೆ ಹೇಳಬೇಕು?

ಆದರೆ ಬಾಗಿದವನಿಗೆ ಕಾಣುವುದು ನೆಲ. ನೆಲದ ಮೇಲೆ, ಹೊಸ್ತಿಲ ಪಕ್ಕದಲ್ಲಿ, ಅವನ ಕಣ್ಣಿಗೆ ನೇರವಾಗಿ, ಒಂದು ಜೊತೆ ಹುಲ್ಲಿನ ಚಪ್ಪಲಿ ಇತ್ತು. ತಾಯಿಯ ಚಪ್ಪಲಿಗಿಂತ ಚಿಕ್ಕದು, ಬಾರಿಗೆ ಕೆಂಪು ದಾರ ಸುತ್ತಿದ್ದು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ತಾಯಿ ಬಗ್ಗಿ ಆ ಜೊತೆಯ ಮೂತಿಯನ್ನು ಕಡಲಿನ ಕಡೆ ತಿರುಗಿಸುವಳು, ಹೊರಡುವವರಿಗೆ ಇಟ್ಟ ಹಾಗೆ. ಸಂಜೆ ಬಾಗಿಲು ಹಾಕುವ ಮುಂಚೆ ಮನೆಯ ಕಡೆ ತಿರುಗಿಸುವಳು, ಬಂದವರು ಬಿಟ್ಟ ಹಾಗೆ. ಹಾಗೆ ತಿರುಗಿಸುವಾಗ ಒಳಗೆ ಕೇಳುವಷ್ಟು ದನಿಯಲ್ಲಿ, "ಹಿಸಾನೊ, ಊಟಕ್ಕೆ ಬಾ" ಎನ್ನುವಳು.

ಬೆಳಿಗ್ಗೆ ಕಡಲಿನ ಕಡೆ. ಸಂಜೆ ಮನೆಯ ಕಡೆ. ಊರು ಬಟ್ಟಲನ್ನು ನೋಡುತ್ತಿತ್ತು. ಅವನು ಚಪ್ಪಲಿಯನ್ನು ನೋಡುತ್ತಿದ್ದ.

ಅವಳು ಯಾಕೆ ಕುಡಿಯುತ್ತಿಲ್ಲ ಎಂದು ಅವನಿಗೆ ತಿಳಿಯಿತು. ಕುಡಿದರೆ, ಊಟಕ್ಕೆ ಕರೆಯುವ ಹಾಗಿಲ್ಲ.

ಒಂದು ಮಧ್ಯಾಹ್ನ ಮುದಿ ಹಿರಿಯ ಕೋಲೂರಿಕೊಂಡು ಪರದೆಯಿಂದಾಚೆ ಬಂದ. ಅವನು ಬಿಸಿಲಿಗೆ ಬಂದದ್ದನ್ನು ಕಂಡವರೇ ಕಡಿಮೆ. ಮುಂದಾಳಿನ ಕಿವಿಯ ಹತ್ತಿರ ಬಗ್ಗಿ ಹೇಳಿದ, "ಸಾಕು ಮಗಾ, ಊರಿನ ಕೆಲಸ ನಿಂತಿದೆ. ಆಚೆ ದ್ವೀಪದಲ್ಲಿ ಆ ಹುಡುಗಿಯ ಸೋದರಮಾವ ಇದ್ದಾನಂತೆ. ರಕ್ತಸಂಬಂಧಿ ಯಾರು ಕುಡಿದರೂ ಕುಡಿದ ಹಾಗೇ. ನಾಳೆ ಬೆಳಿಗ್ಗೆ ಬರ್ತಾನೆ, ಒಂದು ಗುಟುಕು ಕುಡೀತಾನೆ, ನೀನು ಎದ್ದು ನಿಲ್ತೀಯ. ಆಮೇಲೆ ನಿನ್ನನ್ನು ಅಲ್ಲಾಡಿಸೋರು ಯಾರಿದ್ದಾರೆ? ಬದುಕಿರೋವರೆಗೂ ಪಟ್ಟಿ ನಿಂದೇ. ಇಂಥಾ ಬೆನ್ನು ಈ ಊರು ಕಂಡಿಲ್ಲ."

"ತಾಯಿ ಒಪ್ಪಿದ್ದಾರಾ, ಹಿರಿಯರೇ?"

"ಅವಳನ್ನ ಕೇಳಿದವರು ಯಾರು?"

ಹಿರಿಯ ಹೋದ. ಪಾಚಿ ಒಣಹಾಕುತ್ತಿದ್ದ ತಾಯಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆ ಸಂಜೆ ಅನ್ನದ ಉಂಡೆ ಕೊಟ್ಟವಳು ಕೂಡಲೇ ಹೋಗಲಿಲ್ಲ. ಆಮೇಲೆ ಆ ಊರಿನಲ್ಲಿ ಯಾರೂ ಮಾಡದ ಕೆಲಸವೊಂದನ್ನು ಮಾಡಿದಳು. ಅವನ ಮುಂದೆ ನೆಲದ ಮೇಲೆ ಕೂತು, ಕತ್ತು ಓರೆ ಮಾಡಿ, ಕೆಳಗಿನಿಂದ ಅವನ ಮುಖ ನೋಡಿದಳು.

"ಓ," ಎಂದಳು. "ನಿನಗೆ ಇಂಥಾ ಮುಖ ಇದೆಯಾ! ಬರೀ ಬೆನ್ನು ನೋಡಿ ನೋಡಿ, ದೊಡ್ಡವನು ಅಂದ್ಕೊಂಡಿದ್ದೆ."

ಅವನ ಮುಖವನ್ನು ಅಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ. ಕಣ್ಣು ಎಲ್ಲಿಡಬೇಕೋ ತಿಳಿಯದೆ ಮುಚ್ಚಿಕೊಂಡ.

"ನಿನ್ನ ಪಟ್ಟಿ ನಂಗೆ ಬೇಡಪ್ಪಾ," ಎಂದಳು ತಾಯಿ. "ನೀನು ಎದ್ದರೆಷ್ಟು, ಬಿದ್ದರೆಷ್ಟು. ಸಂಜೆಯಾದ್ರೆ ಅವಳನ್ನ ಊಟಕ್ಕೆ ಕರೀಬೇಕು ನಾನು, ಅಷ್ಟೇ. ಬರಲ್ಲ, ಗೊತ್ತು. ಕರೆಯೋಕಾದ್ರೂ ಇರಬೇಕಲ್ಲ. ನಾಳೆ ನನ್ನ ಅಣ್ಣ ಬಂದು ಅವಳನ್ನ ಕುಡಿದುಬಿಡ್ತಾನೆ."

ಎದ್ದು ಚಪ್ಪಲಿಗಳನ್ನು ಮನೆಯ ಕಡೆ ತಿರುಗಿಸಿದಳು. ಕೊನೆಯ ಸಲವೇನೋ ಎಂಬಂತೆ ಬಹಳ ಹೊತ್ತು ಕೈಯಿಟ್ಟುಕೊಂಡೇ ಇದ್ದಳು.

ಬೆಳಗಾಯಿತು. ಊರು ನೆರೆಯಿತು. ಹಿರಿಯರು ಪರದೆಯನ್ನೇ ಹೊತ್ತುಕೊಂಡು ಬಂದು ದಂಡೆಯಲ್ಲಿ ನೆಟ್ಟು, ಅದರ ಹಿಂದೆ ಕೂತರು. ಅಮ್ಮ ಹೊಸ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ನಿಂತಳು. ಸೋದರಮಾವ ದೋಣಿ ಇಳಿದ. ಸಂಕೋಚದ ಮನುಷ್ಯ, ತಂಗಿಯ ಕಡೆ ನೋಡಲಾಗದೆ ಟೋಪಿಯನ್ನು ಹಿಂಡುತ್ತಿದ್ದ. ತಾಯಿ ಬಾಗಿಲಿನಲ್ಲಿ ನಿಂತಿದ್ದಳು. ಚಪ್ಪಲಿಗಳು ಕಡಲಿನ ಕಡೆ ಮುಖ ಮಾಡಿದ್ದವು.

ಸೋದರಮಾವ ಕೈ ಚಾಚಿದ. ಬೆರಳು ಬಟ್ಟಲಿಗೆ ತಾಗುವಷ್ಟರಲ್ಲಿ, "ತಡಿ ಮಾರಾಯ," ಎಂಬ ದನಿ ಕೆಳಗಿನಿಂದ ಬಂತು.

ಬಟ್ಟಲೆತ್ತುವ ಹೊತ್ತಿನಲ್ಲಿ ಬಾಗಿದವರು ಮಾತಾಡುವುದಿಲ್ಲ. ಊರು ಬೆಚ್ಚಿತು.

"ನಾನು ಕಡಲಿಗಾಗಿ ಬಾಗಿಲ್ಲ," ಎಂದ ಮುಂದಾಳು. "ಗೋಪುರದವನು ಓಡಿ ಬಂದು ಕೇಳಿದ. ಮಂಜು ಇಳೀತಿದೆ, ದೋಣಿ ಬಂದಿಲ್ಲ ಅಂದ. ನನ್ನ ಮುಖದ ಮೇಲೆ ಬೆಳಕಿತ್ತು. ಇನ್ನಷ್ಟು ಬೇಕು ಅನ್ನಿಸ್ತು. ದೀಪ ಅಂದಮೇಲೆ ಎಲ್ಲ ದೀಪ ಅಂದೆ. ಕಡಲು ಹೇಳಿದ್ದಲ್ಲ ಅದು. ನಾನೇ ಹೇಳಿದ್ದು."

ನೀರಿನಲ್ಲಿ ಒಂದು ಗೆರೆ ಎದ್ದಿತು.

"ಮಗಾ, ಬೆನ್ನು!" ಎಂದು ಅಮ್ಮ ಕೂಗಿದಳು.

"ಅವಳು ಮುಳುಗಿದ್ದು ನನ್ನ ಊಟದ ಚಿಪ್ಪಿಗೆ. ಸತ್ತಿದ್ದು ನನ್ನ ದೀಪಕ್ಕೆ."

ಗೆರೆಯ ಮೇಲೆ ಗೆರೆ. ಅಂಚಿನಿಂದ ಒಂದು ಹನಿ ಪಟ್ಟಿಯ ಮೇಲೆ ಬಿತ್ತು.

"ಕಣ್ಣಲ್ಲಿ ಅತ್ತುಕೋ ಮಗಾ! ದಮ್ಮಯ್ಯ ಅಂತೀನಿ, ಕಣ್ಣಲ್ಲಿ ಅತ್ತುಕೋ!"

ಆದರೆ ಕಣ್ಣಿನ ದಾರಿ ಎಂದೋ ಮುಚ್ಚಿಹೋಗಿತ್ತು. ಚಿಕ್ಕಂದಿನಿಂದ ತಡೆದದ್ದೆಲ್ಲ, ಅಪ್ಪನದು, ಹಿಸಾನೊಳದು, ಹೊರಬರಲು ಬೆನ್ನೊಂದೇ ಉಳಿದಿತ್ತು. ಬೆನ್ನು ಬಿಕ್ಕಿತು. ಭುಜದಿಂದ ಸೊಂಟದವರೆಗೆ ಅಲುಗಿ ಅಲುಗಿ ಬಿಕ್ಕಿತು. ಬಟ್ಟಲು ಜಾರಿತು, ಹೊಸ್ತಿಲ ಕಲ್ಲಿನ ಮೇಲೆ ಬಿದ್ದು ಚೂರಾಯಿತು. ನೀರು ಮರಳಿಗೆ ಇಳಿಯಿತು.

ಊರು ಬಾಯಿ ತೆರೆದು ನಿಂತಿತ್ತು. ಯಾರೂ ಕುಡಿಯಲಿಲ್ಲ. ಯಾವುದೂ ಮುಗಿಯಲಿಲ್ಲ.

ಪರದೆಯ ಹಿಂದಿನಿಂದ ಕೈ ಬಂತು. ಪಟ್ಟಿ ಬಿಚ್ಚಿತು. ಅಲ್ಲೇ, ಆ ದಂಡೆಯ ಮೇಲೇ, ಒದ್ದೆ ಪಟ್ಟಿಯನ್ನು ಇನ್ನೊಬ್ಬನ ಸೊಂಟಕ್ಕೆ ಕಟ್ಟಿದರು. ಅಮ್ಮ ಅತ್ತ ತಿರುಗಿ ಮನೆಗೆ ಹೋಗಿ ಕದ ಹಾಕಿಕೊಂಡಳು. ಅವಳು ಮತ್ತೆ ಕದ ತೆರೆದದ್ದು ಸಾಯುವ ಕಾಲಕ್ಕೆ. ಆಗ ಮಗ ಬಂದು ಅವಳ ಕಾಲು ಮುಟ್ಟಿದ. ಬಾಗಿಯೇ ಇದ್ದವನಿಗೆ ಅದೇನೂ ಕಷ್ಟವಾಗಲಿಲ್ಲ.

ಹಿಸಾನೊಳ ತಾಯಿ? ಅವಳು ಬಟ್ಟಲಿನ ಚೂರುಗಳನ್ನು ಗುಡಿಸಿ ತೆಗೆದಳು, ಚಪ್ಪಲಿಗೆ ತಾಗದ ಹಾಗೆ. ಒಳ್ಳೆಯ ಮಾತೊಂದನ್ನೂ ಆಡಲಿಲ್ಲ. ಆ ಸಂಜೆ ಚಪ್ಪಲಿ ತಿರುಗಿಸಿ, "ಹಿಸಾನೊ, ಊಟಕ್ಕೆ ಬಾ" ಎಂದಳು. ಊರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದಳು. ಅವಳಿಗೆ ಆ ಹಕ್ಕು ಬಂದಿತ್ತು. ಬಾವಿಕಟ್ಟೆಯಲ್ಲಿ ಹೆಂಚಿನ ಹೆಂಗಸು, ಈಗ ಹಣ್ಣುಹಣ್ಣು ಮುದುಕಿ, ಅವಳಿಗೆ ಪಕ್ಕದಲ್ಲಿ ಜಾಗ ಬಿಟ್ಟುಕೊಟ್ಟಳು.

ಪಟ್ಟಿ ಕಳೆದುಕೊಂಡವನು ಬಾಗಿಯೇ ಬಂಡೆಯ ತುದಿಗೆ ಹೋಗಿ ದೀಪಗೋಪುರದಲ್ಲಿ ಕೆಲಸ ಕೇಳಿದ. ಎಣ್ಣೆಯ ಡಬ್ಬಿ ಹೊರುವ ಕೆಲಸ. ಬೆನ್ನು ಹಲಗೆಯಂತೆ ಇದ್ದುದರಿಂದ ಡಬ್ಬಿ ಅಲ್ಲಾಡುತ್ತಿರಲಿಲ್ಲ. ಗೋಪುರದವನು ಸತ್ತ ಮೇಲೆ ದೀಪ ಹಚ್ಚುವುದೂ ಅವನ ಪಾಲಿಗೆ ಬಂತು. ದೀಪ ಹೊತ್ತಿಕೊಳ್ಳುವಾಗ ಒಂದೇ ಹೆಸರನ್ನು ಹೇಳುವನು. ಕೆಳಗೆ ಮುಂದಾಳುಗಳು ಬದಲಾಗುತ್ತಲೇ ಇದ್ದರು. ಪ್ರತಿ ಹೊಸಬನ ಸಂಜೆಗೂ ದೀಪ ಕೇಳಿಕೊಂಡು ಜನ ಬರುವರು. ಅವನು ಬಾಗಿಲಿಗೆ ಅಡ್ಡ ಕೂತು, "ಇದೊಂದು ಬಿಟ್ಟು ಎಲ್ಲ ತಗೊಂಡು ಹೋಗಿ" ಎನ್ನುವನು. ಚೌಕದಲ್ಲಿ ಒಂದು ದೀಪದಷ್ಟು ಕತ್ತಲೆ ಯಾವಾಗಲೂ ಇರುತ್ತಿತ್ತು. ದೋಣಿಗಳು ಮನೆಗೆ ಬರುತ್ತಿದ್ದವು.

ತಾಯಿ ಆಗೀಗ ಬಂಡೆ ಹತ್ತಿ ಬರುವಳು. ಒಣಪಾಚಿಯ ಕಟ್ಟೊಂದನ್ನು ಬಾಗಿಲಲ್ಲಿ ಇಟ್ಟು, "ಬತ್ತಿ ಸಣ್ಣ ಮಾಡಬೇಡ, ನೋಡ್ತಿರ್ತೀನಿ" ಎನ್ನುವಳು. ಅವನು "ಆಗಲಮ್ಮ" ಎನ್ನುವನು. ಅಷ್ಟೇ ಮಾತು. ಅಷ್ಟನ್ನೇ ಆಡುತ್ತಾ ಇಬ್ಬರೂ ಮುದುಕರಾದರು.

ಅವನು ಮೊದಲು ಸತ್ತ. ಮಲಗಿಸಲು ನೋಡಿದರೆ ಬೆನ್ನು ನೆಟ್ಟಗಾಗಲಿಲ್ಲ. ಮೊಣಕಾಲಿನ ಮೇಲೆ, ಬಾಗಿದಂತೆಯೇ ಇರಿಸಬೇಕಾಯಿತು. ಊರು ಬಂತು, ಪರದೆ ಬಂತು. ಹಳೆಯ ಹಿರಿಯರು ಹೋಗಿ ಹೊಸ ಹಿರಿಯರಾಗಿದ್ದರು, ಪರದೆ ಮಾತ್ರ ಅದೇ. ಒಳಗಿನ ದನಿ ಹೇಳಿತು, "ಹೀಗೇ ಮಣ್ಣು ಮಾಡೋಕಾಗಲ್ಲ. ಬಾಕಿ ಇರೋದನ್ನ ಮುಗಿಸಿಬಿಡೋಣ. ಬಟ್ಟಲಿಡಿ. ಮುದುಕಿ ಕುಡೀಲಿ."

ಸತ್ತವನ ಬೆನ್ನಿನ ಮೇಲೆ ಹೊಸ ಬಟ್ಟಲಿಟ್ಟು ಅಂಚಿನವರೆಗೆ ತುಂಬಿದರು. ನೀರು ನಿಂತಿತು. ಒಂದು ಗೆರೆಯಿಲ್ಲ, ಒಂದು ಮಿಡುಕಿಲ್ಲ. ಅಭ್ಯಾಸಬಲ ನೋಡಿ, ಗುಂಪಿನಲ್ಲಿ ಯಾರೋ "ಆಹಾ, ಎಂಥಾ ಬೆನ್ನು!" ಎಂದೇಬಿಟ್ಟರು.

ತಾಯಿ ಎರಡು ಕೈಯಿಂದ ಬಟ್ಟಲೆತ್ತಿದಳು. ಊರು "ಮುಗಿಯಿತು" ಎನ್ನಲು ಉಸಿರೆಳೆದುಕೊಂಡಿತು.

ಅವಳು ಕುಡಿಯಲಿಲ್ಲ. ಕಷ್ಟಪಟ್ಟು ನೆಲಕ್ಕೆ ಕೂತು, ನೀರನ್ನು ಬೊಗಸೆಗೆ ಸುರಿದುಕೊಂಡು, ಅವನ ಮುಖ ತೊಳೆದಳು. ಹಣೆ, ಕಣ್ಣು, ಕೆನ್ನೆ. ಎಳೆಯ ಮಗುವಿಗೆ ತೊಳೆದ ಹಾಗೆ ಕಿವಿಯ ಹಿಂದೆಯೂ ತೊಳೆದಳು. ಬಟ್ಟಲು ಖಾಲಿಯಾಯಿತು.

"ಇವನ ಹೆಸರೇನು?" ಎಂದು ಕೇಳಿದಳು.

ಊರು ಮುಖ ಮುಖ ನೋಡಿಕೊಂಡಿತು. ಪರದೆಯ ಹಿಂದೆ ಗುಸುಗುಸು ಆಯಿತು, ನಿಂತಿತು. ಅಗಸಗಿತ್ತಿಯ ಮಗಳು, ಈಗ ಅವಳೇ ಪಟ್ಟಿ ಒಗೆಯುವವಳು, ಮೆಲ್ಲಗೆ ಹೇಳಿದಳು, "ಆ ಕಾಲದಲ್ಲಿ ಬಹಳ ಜನ ಆಗಿಹೋದ್ರಲ್ಲ ಅಜ್ಜೀ."

ತಾಯಿ ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಗೋಪುರದ ಬಾಗಿಲ ಬಳಿ ಅವನು ಬಿಟ್ಟಿದ್ದ ಚಪ್ಪಲಿಗಳನ್ನು ಎತ್ತಿಕೊಂಡಳು. ಬಾಗಿ ನಡೆದು ನಡೆದು ಅವುಗಳ ತುದಿ ಮಾತ್ರ ಸವೆದಿತ್ತು, ಹಿಮ್ಮಡಿ ಹೊಸದರಂತೆಯೇ ಇತ್ತು. ಅವನ್ನು ಮನೆಗೆ ತಂದು ಹೊಸ್ತಿಲ ಪಕ್ಕದಲ್ಲಿ, ಕೆಂಪು ದಾರದ ಜೊತೆಯ ಪಕ್ಕದಲ್ಲಿಟ್ಟಳು.

ಸಂಜೆಯಾಗಿತ್ತು. ಎರಡು ಜೊತೆಯನ್ನೂ ಮನೆಯ ಕಡೆ ತಿರುಗಿಸಿದಳು. ಒಂದನ್ನು ಹೆಸರು ಹಿಡಿದು ಊಟಕ್ಕೆ ಕರೆದಳು. ಇನ್ನೊಂದಕ್ಕೆ ಬರೀ "ನೀನೂ ಬಾ" ಎಂದಳು.